ರೈಲುಬಾಡಿಗೆಗಾಗಿ ವಾಹನಗಳ ದರ್ಜೆಯ ನಿರ್ಣಯವೂ ಅದರಿಂದುಂಟಾಗುವ ವ್ಯಾಜ್ಯಗಳೂ

ವ್ಯವಸಾಯಕ್ಕೆ ಉಪಯುಕ್ತವಾದ ಯಂತ್ರಗಳೂ ವಾಹನಗಳೂ ಈಗ ಹಳ್ಳಿಹಳ್ಳಿಯನ್ನೂ ಸೇರಿವೆ. ಟ್ರಾಕ್ಟರು, ಅದರ ಹಿಂದೆ ಕಟ್ಟತಕ್ಕ ಟ್ರೈಲರು, ಕೈಹಿಡಿದು ನಡೆಯಿಸುವ ಪವರ್ ಟಿಲ್ಲರು, ಮೋಟಾರು ಸೈಕಲ್ಲು ಮುಂತಾದುವಿಲ್ಲದ ಗ್ರಾಮವು ವಿರಳ. ಇವುಗಳನ್ನು ದೂರದ ಊರುಗಳಿಂದ ರೈಲಿನಲ್ಲಿ ತರಿಸುವಾಗಲಾಗಲಿ, ಇತರ ಪ್ರಾಂತಗಳಿಗೆ ಕಳುಹಿಸುವಾಗಲಾಗಲಿ, ರೈಲ್ವೆಯವರು ಕೇಳುವ ಮೊದಲನೆಯ ಪ್ರಶ್ನೆಯು ತೂಕವೆಷ್ಟು ಎಂಬುದಲ್ಲ, ದೂರವೆಷ್ಟು ಎಂಬುದೂ ಅಲ್ಲ. ಪದಾರ್ಥವು ಯಾವುದು ಎಂಬುದೇ ಆಗಿರುತ್ತದೆ. ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಬಾಡಿಗೆಯು ಏರುವುದೂ ಇಳಿಯುವುದೂ ನಿಂತಿದೆ. ಉತ್ತರವು ತಪ್ಪಿದರೆ ಹಣ ನಷ್ಟವಾಗುವುದಲ್ಲದೆ ಮಾಲು ಸ್ಟೇಷನ್ನಿನಲ್ಲಿಯೇ ತಡೆದು ನಿಲ್ಲುವುದೂ ಉಂಟು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ವಿಷಯದ ಕಾನೂನನ್ನು ಸ್ಥೂಲವಾಗಿಯಾದರೂ ತಿಳಿದಿರುವುದು ಅವಶ್ಯಕ.

ಬೆಂಗಳೂರಿನ ದಕ್ಷಿಣ ಭಾಗದವರಿಗೆ ಈ ವಿಷಯವು ವಿಶೇಷವಾಗಿ ಅನ್ವಯಿಸುತ್ತದೆ. ೧೯೪೮ರಲ್ಲಿ ಜಯನಗರದ ಬಡಾವಣೆಗೆ ಅಸ್ತಿಭಾರವನ್ನು ಹಾಕಿದಂದಿನಿಂದ ಆ ಭಾಗದ ಹೊಲಗದ್ದೆಗಳು ಕ್ರಮಕ್ರಮವಾಗಿ ಪಟ್ಟಣದೊಳಗೆ ಸೇರಿಹೋದುವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಹೆಸರುಗಳ ಮೊದಲಕ್ಷರಗಳೇ ಈಗ ಬಿ. ಟಿ. ಎಂ. ಬಡಾವಣೆಯೆಂಬ ಹೆಸರಿನಲ್ಲಿ ಉಳಿದಿವೆ. ಸಾರಕ್ಕಿಯೂ ಜರಗನಹಳ್ಳಿಯೂ ಜೆ. ಪಿ. ನಗರದ ಮಗ್ಗುಲಲ್ಲಿ ಪಟ್ಟಣದ ಭಾಗಗಳಾದುವು. ಆದರೂ ಬನಶಂಕರಿ, ಜಯನಗರ ಮೊದಲಾದ ಕಡೆ ವಾಸಮಾಡುತ್ತ ಕನಕಪುರ, ರಾಮನಗರ, ಚನ್ನಪಟ್ಟಣಗಳ ಕಡೆ ಜಮೀನನ್ನು ಇಟ್ಟುಕೊಂಡಿರುವ ಕುಟುಂಬಗಳು ಅನೇಕವಾಗಿವೆ. ಉತ್ತರಹಳ್ಳಿ, ಬೇಗೂರು, ಕೆಂಗೇರಿ ಹೋಬಳಿಗಳ ಹಳೆಯ ಒಕ್ಕಲುಮನೆಗಳೂ ಅಳಿದಿಲ್ಲ. ೧೮೮೨ರಲ್ಲಿ ಪೂರ್ಣವಾದ ಮೈಸೂರು ರೈಲುದಾರಿಯು ಕೆಂಗೇರಿಯ ಮೇಲೆಯೇ ಹಾದುಹೋಗುತ್ತದೆ. ಇಂತಹವರು ರೈಲಿನಲ್ಲಿ ವಾಹನವನ್ನು ತರಿಸಬೇಕಾದರೆ ಸಾಮಾನ್ಯವಾಗಿ ಸಂಗೊಳ್ಳಿ ರಾಯಣ್ಣ ನಿಲ್ದಾಣದ ಅಥವಾ ಯಶವಂತಪುರದ ಪಾರ್ಸಲ್ ಕಚೇರಿಯ ಬಾಗಿಲಿಗೆ ಹೋಗಬೇಕಾಗುತ್ತದೆ. ದರ್ಜೆಯ ಪ್ರಶ್ನೆಯು ಹುಟ್ಟುವುದು ಅಲ್ಲಿಯೇ.

ದರ್ಜೆ ಎಂದರೇನು?

ರೈಲ್ವೆಯವರು ತಾವು ಸಾಗಿಸತಕ್ಕ ಪದಾರ್ಥಗಳೆಲ್ಲವನ್ನೂ ಗುಂಪುಗುಂಪಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಒಂದೊಂದು ದರ್ಜೆಯನ್ನು ಗೊತ್ತುಮಾಡಿರುತ್ತಾರೆ. ೧೦೦ ಎಂಬುದು ಮೂಲದರ್ಜೆ. ೧೫೦ ಎಂಬ ದರ್ಜೆಯೆಂದರೆ ಮೂಲದರದ ಒಂದೂವರೆಯಷ್ಟು, ೨೦೦ ಎಂದರೆ ಎರಡರಷ್ಟು. ಹಿಂದೆ ಈ ದರ್ಜೆಗಳು ಬಹಳವಾಗಿದ್ದುವು. ೨೦೦೨-೦೩ನೆಯ ಸಾಲಿನ ರೈಲ್ವೆ ಆಯವ್ಯಯದಲ್ಲಿ ಅವುಗಳನ್ನು ೫೯ರಿಂದ ೩೨ಕ್ಕೆ ಇಳಿಸಲಾಯಿತು. ದರ್ಜೆಗಳು ಕಡಮೆಯಾದಷ್ಟೂ ವ್ಯಾಜ್ಯಗಳಿಗೆ ಅವಕಾಶವು ಕಡಮೆಯಾಗುವುದು ಸಹಜ. ಆದರೆ ಅದು ಪೂರ್ಣವಾಗಿ ಇಲ್ಲದಂತಾಗುವುದಿಲ್ಲ.

ಪದಾರ್ಥಕ್ಕೆ ತಕ್ಕಂತೆ ದರವೇಕೆ ವ್ಯತ್ಯಾಸವಾಗಬೇಕೆಂದು ಕೆಲವರು ಕೇಳುವುದುಂಟು. ಇದಕ್ಕೆ ಮೂರು ಕಾರಣಗಳಿವೆ. ಒಂದನೆಯದು, ಪದಾರ್ಥದ ಬೆಲೆ. ಬೆಲೆಬಾಳುವ ಸರಕು ಹೆಚ್ಚು ಬಾಡಿಗೆಯನ್ನು ತಾಳಿಕೊಳ್ಳಬಲ್ಲುದು; ಗೊಬ್ಬರ, ಮೇವುಗಳಂತಹ ಅಗ್ಗದ ಸರಕು ತಾಳಿಕೊಳ್ಳಲಾರದು. ಎರಡನೆಯದು, ಅಪಾಯ. ಬೇಗನೆ ಒಡೆಯುವ, ಉರಿಯುವ, ಕೊಳೆಯುವ ಪದಾರ್ಥಗಳಿಗೆ ಎಚ್ಚರಿಕೆಯು ಹೆಚ್ಚಾಗಿ ಬೇಕು. ಮೂರನೆಯದು, ಸ್ಥಳ. ವಾಹನಗಳ ವಿಷಯದಲ್ಲಿ ಈ ಮೂರನೆಯದೇ ಮುಖ್ಯ. ಒಂದು ವ್ಯಾಗನ್ನಿನ ತುಂಬ ಭತ್ತದ ಮೂಟೆಗಳನ್ನು ಹೇರಿದರೆ ಅದರ ಶಕ್ತಿಯಿದ್ದಷ್ಟೂ ತೂಕ ತುಂಬುತ್ತದೆ. ಅದೇ ವ್ಯಾಗನ್ನಿನಲ್ಲಿ ಕಾರುಗಳನ್ನೋ ಟ್ರಾಕ್ಟರುಗಳನ್ನೋ ನಿಲ್ಲಿಸಿದರೆ ಜಾಗವೆಲ್ಲ ಮುಗಿದರೂ ತೂಕವು ಅದರ ಒಂದಂಶವೂ ಆಗುವುದಿಲ್ಲ. ಆದಕಾರಣವೇ ಹಳೆಯ ಪ್ರಯಾಣಿಕರ ಬೋಗಿಗಳನ್ನು ಮಾರ್ಪಡಿಸಿ, ವಾಹನಗಳನ್ನು ಸಾಗಿಸುವುದಕ್ಕೆಂದು ಪ್ರತ್ಯೇಕ ವ್ಯಾಗನ್ನುಗಳನ್ನು ಸಿದ್ಧಪಡಿಸಿರುತ್ತಾರೆ. ತೂಕದ ಮೇಲೆ ಮಾತ್ರ ಬಾಡಿಗೆಯನ್ನು ಹಾಕಿದರೆ ರೈಲ್ವೆಗೆ ನಷ್ಟ. ಸ್ಥಳದ ಮೇಲೆ ಮಾತ್ರ ಹಾಕಿದರೆ ಕಳುಹಿಸುವವನಿಗೆ ಭಾರ. ಈ ಎರಡರ ನಡುವೆ ದರ್ಜೆಯನ್ನು ನಿರ್ಣಯಿಸಬೇಕಾಗಿರುವುದರಿಂದಲೇ ವಾಹನಗಳ ವಿಷಯದಲ್ಲಿ ಅಭಿಪ್ರಾಯ ಭೇದಗಳು ಹುಟ್ಟುತ್ತವೆ.

ವಾಹನಗಳಲ್ಲಿ ಸಂದೇಹವೇಕೆ ಹೆಚ್ಚು?

ರಾಗಿಯು ರಾಗಿಯೇ, ಅದರ ಹೆಸರಿನಲ್ಲಿ ಸಂದೇಹವಿಲ್ಲ. ವಾಹನವಾದರೋ ಹಾಗಲ್ಲ. ಟ್ರಾಕ್ಟರನ್ನು ನೇಗಿಲು ಎಳೆಯುವ ದೃಷ್ಟಿಯಿಂದ ನೋಡಿದರೆ ವ್ಯವಸಾಯದ ಉಪಕರಣ. ಇಂಜಿನಿನ ದೃಷ್ಟಿಯಿಂದ ನೋಡಿದರೆ ಯಂತ್ರ. ರಸ್ತೆಯ ಮೇಲೆ ಓಡುವುದನ್ನು ನೋಡಿದರೆ ಮೋಟಾರು ವಾಹನ. ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಿದರೆ ಅದು ವಾಹನವೋ ಬಿಡಿಭಾಗಗಳೋ ಎಂಬ ಪ್ರಶ್ನೆ. ಮೇಲಿನ ಕಟ್ಟಡವಿಲ್ಲದ ಲಾರಿಯ ಚಾಸಿಯು ಪೂರ್ಣ ವಾಹನವೋ ಅಲ್ಲವೋ ಎಂಬುದು ಮತ್ತೊಂದು ಪ್ರಶ್ನೆ. ಸರಕು ತುಂಬಿದ ಲಾರಿಯನ್ನೇ ರೈಲಿನ ಮೇಲೆ ಏರಿಸಿದರೆ ಬಾಡಿಗೆಯು ಲಾರಿಗೋ ಅದರೊಳಗಿನ ಈರುಳ್ಳಿಗೋ ಎಂಬುದು ಇನ್ನೊಂದು.

ಇಂತಹ ಪ್ರಶ್ನೆಗಳು ನಮ್ಮ ದೇಶಕ್ಕೆ ಮಾತ್ರ ಸೇರಿದುವಲ್ಲ. ಇಂಗ್ಲೆಂಡಿನಲ್ಲಿ ಬೈಸಿಕಲ್ಲುಗಳು ಬಳಕೆಗೆ ಬಂದ ಕಾಲದಲ್ಲಿ, ಪ್ರಯಾಣಿಕನು ಬಾಡಿಗೆಯಿಲ್ಲದೆ ಜೊತೆಯಲ್ಲಿ ಕೊಂಡೊಯ್ಯಬಹುದಾದ ಸಾಮಾನುಗಳಲ್ಲಿ ಬೈಸಿಕಲ್ಲು ಸೇರುತ್ತದೆಯೇ ಎಂಬ ವ್ಯಾಜ್ಯವು ಬ್ರಿಟನ್ ಎಂಬುವರಿಗೂ ಗ್ರೇಟ್ ನಾರ್ದರ್ನ್ ರೈಲ್ವೆ ಕಂಪೆನಿಗೂ ನಡೆಯಿತು. ಅದು ಪ್ರಯಾಣಿಕನ ಸಾಧಾರಣ ಸಾಮಾನಲ್ಲವೆಂದು ೧೮೯೯ರಲ್ಲಿ ತೀರ್ಪಾಯಿತು. ಅಮೆರಿಕ ದೇಶದಲ್ಲಿ ಸೈನ್ಯಕ್ಕೆ ಸೇರಿದ, ಉರಿಯುವ ದ್ರವವನ್ನು ತುಂಬಿದ ಬಾಂಬಿನ ಕವಚಗಳನ್ನು ರೈಲಿನಲ್ಲಿ ಸಾಗಿಸಲಾಯಿತು. ಹೊತ್ತಿಸುವ ಸಾಧನವನ್ನು ಅವುಗಳಲ್ಲಿ ಇನ್ನೂ ಕೂಡಿಸಿರಲಿಲ್ಲವಾದುದರಿಂದ ಅವು ಉಕ್ಕಿನ ಪೀಪಾಯಿಯಲ್ಲಿರುವ ಪೆಟ್ರೋಲಿಗೆ ಸಮಾನವೆಂದು ಸರ್ಕಾರವೂ, ಬಾಂಬುಗಳೇ ಎಂದು ರೈಲ್ವೆಯವರೂ ವಾದಿಸಿದರು. ೧೯೫೬ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಇಂತಹ ದರ್ಜೆಯ ಪ್ರಶ್ನೆಯನ್ನು ಸಾಗಾಣಿಕೆಯ ವಿಷಯದಲ್ಲಿ ಪರಿಣತಿಯುಳ್ಳ ಆಯೋಗವು ಮೊದಲು ವಿಚಾರಿಸತಕ್ಕದ್ದೆಂದು ಹೇಳಿತು. ಹೆಸರಿನ ಜಗಳದಂತೆ ಕಾಣುವುದು ವಾಸ್ತವವಾಗಿ ಹಣದ ಜಗಳವೆಂಬುದೂ, ಅದನ್ನು ತೀರ್ಮಾನಿಸುವ ಅಧಿಕಾರವು ಯಾರದೆಂಬುದು ಅಷ್ಟೇ ಮುಖ್ಯವೆಂಬುದೂ ಇವುಗಳಿಂದ ತಿಳಿಯುತ್ತದೆ.

ನಮ್ಮ ರಾಜ್ಯದಲ್ಲಿಯೂ ವಾಹನದ ದರ್ಜೆಯ ವಿಷಯವಾಗಿ ಪ್ರಸಿದ್ಧವಾದ ಒಂದು ವ್ಯಾಜ್ಯವಿದೆ. ಅದು ರೈಲುಬಾಡಿಗೆಯದಲ್ಲ, ರಸ್ತೆಯ ಮೇಲಿನ ವಾಹನಗಳನ್ನು ಕುರಿತದ್ದು. ನಟ್ವರ್ ಪಾರಿಖ್ ಕಂಪೆನಿಗೂ ಕರ್ನಾಟಕ ರಾಜ್ಯಕ್ಕೂ ನಡೆದ ಆ ಮೊಕದ್ದಮೆಯಲ್ಲಿ, ಟ್ರಾಕ್ಟರಿಗೆ ಟ್ರೈಲರನ್ನು ಸೇರಿಸಿ ಸರಕನ್ನು ಸಾಗಿಸುವಾಗ ಆ ಜೋಡಿಯು ಸರಕು ಸಾಗಿಸುವ ವಾಹನವೇ ಆಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ತೀರ್ಮಾನಿಸಿತು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಟ್ರಾಕ್ಟರು ತಾನೇ ಭಾರವನ್ನು ಹೊರುವುದಕ್ಕೆ ನಿರ್ಮಿತವಾದುದಲ್ಲ; ಆದರೂ ಟ್ರೈಲರು ಕೂಡಿದೊಡನೆ ಅದರ ಸ್ವರೂಪವು ಬೇರೆಯಾಗುತ್ತದೆಂಬುದು ಇದರ ತಾತ್ಪರ್ಯ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಒಂದು ಕಾಯಿದೆಯಲ್ಲಿ ಒಂದು ಪದಕ್ಕೆ ಹೇಳಿರುವ ಅರ್ಥವು, ಬೇರೆ ಉದ್ದೇಶಕ್ಕಾಗಿ ಮಾಡಿದ ಮತ್ತೊಂದು ಕಾಯಿದೆಗೆ ತಾನಾಗಿಯೇ ಅನ್ವಯಿಸುವುದಿಲ್ಲ. ರಸ್ತೆ ತೆರಿಗೆಯ ಕಚೇರಿಯಲ್ಲಿ ನಮ್ಮ ವಾಹನವನ್ನು ವ್ಯವಸಾಯದ ಟ್ರಾಕ್ಟರೆಂದು ದಾಖಲುಮಾಡಿದ ಮಾತ್ರಕ್ಕೆ ರೈಲ್ವೆಯವರೂ ಹಾಗೆಯೇ ಭಾವಿಸಬೇಕೆಂಬ ನಿರ್ಬಂಧವಿಲ್ಲ. ರೈಲ್ವೆಯ ದರಪುಸ್ತಕದಲ್ಲಿ ಆ ಪದಾರ್ಥವು ಯಾವ ಹೆಸರಿನ ಕೆಳಗೆ ಬರುತ್ತದೆಯೋ ಅದೇ ಅಲ್ಲಿ ಪ್ರಮಾಣ. ನೋಂದಣಿ ಪತ್ರವು ಪದಾರ್ಥದ ಗುರುತಿಗೆ ಒಳ್ಳೆಯ ಸಾಕ್ಷಿಯಾಗಬಹುದು. ದರ್ಜೆಯ ವಿಷಯದಲ್ಲಿ ಅದೇ ಕಡೆಯ ಮಾತಲ್ಲ.

ದರ್ಜೆಯನ್ನು ಗೊತ್ತುಮಾಡುವವರು ಯಾರು?

೧೯೮೯ರ ರೈಲ್ವೆ ಕಾಯಿದೆಯ ೩೧ನೆಯ ಕಲಮಿನಂತೆ ಪದಾರ್ಥಗಳನ್ನು ದರ್ಜೆಗಳಾಗಿ ವಿಂಗಡಿಸುವ, ಅವುಗಳನ್ನು ಬದಲಾಯಿಸುವ, ದರಗಳನ್ನು ಏರಿಸುವ ಇಳಿಸುವ ಅಧಿಕಾರವೆಲ್ಲವೂ ಕೇಂದ್ರ ಸರ್ಕಾರಕ್ಕೆ ಸೇರಿದೆ. ಸ್ಟೇಷನ್ ಮಾಸ್ಟರಿಗಾಗಲಿ ಪಾರ್ಸಲ್ ಗುಮಾಸ್ತರಿಗಾಗಲಿ ದರ್ಜೆಯನ್ನು ಸೃಷ್ಟಿಸುವ ಅಧಿಕಾರವಿಲ್ಲ. ಎದುರಿಗಿರುವ ಪದಾರ್ಥವು ಯಾವ ದರ್ಜೆಗೆ ಸೇರುತ್ತದೆಂದು ನೋಡಿ ಬಾಡಿಗೆಯನ್ನು ಲೆಕ್ಕಹಾಕುವುದಷ್ಟೇ ಅವರ ಕೆಲಸ. ಈ ಭೇದವು ಚಿಕ್ಕದಾಗಿ ಕಂಡರೂ ವ್ಯಾಜ್ಯವೆಲ್ಲವೂ ಇದರ ಮೇಲೆ ನಿಂತಿದೆ. ಏಕೆಂದರೆ ಕಳುಹಿಸುವವನ ದೂರು ಎರಡು ವಿಧವಾಗಿರಬಹುದು:

"ಟ್ರಾಕ್ಟರುಗಳಿಗೆ ಗೊತ್ತುಮಾಡಿರುವ ದರ್ಜೆಯೇ ಅನ್ಯಾಯವಾಗಿ ಹೆಚ್ಚಾಗಿದೆ" ಎಂಬುದು ಮೊದಲನೆಯ ವಿಧ. "ದರ್ಜೆಯು ಸರಿಯಾಗಿದೆ, ಆದರೆ ನನ್ನ ಪದಾರ್ಥವನ್ನು ತಪ್ಪು ದರ್ಜೆಗೆ ಸೇರಿಸಿ ಹೆಚ್ಚು ಹಣವನ್ನು ವಸೂಲುಮಾಡಿದರು" ಎಂಬುದು ಎರಡನೆಯ ವಿಧ.

ಮೊದಲನೆಯ ವಿಧದ ದೂರಿಗೆ ದಾರಿಯು ಬಹಳ ಕಿರಿದು. ದರಗಳು ಯುಕ್ತವೋ ಅಯುಕ್ತವೋ ಎಂಬುದನ್ನು ವಿಚಾರಿಸಲು ಹಿಂದೆ ೧೯೨೬ರಲ್ಲಿ ರೈಲ್ವೆ ದರಗಳ ಸಲಹಾ ಸಮಿತಿಯೂ, ೧೯೪೯ರಲ್ಲಿ ಮದರಾಸಿನಲ್ಲಿ ರೈಲ್ವೆ ದರಗಳ ಟ್ರಿಬ್ಯೂನಲ್ಲೂ ಏರ್ಪಟ್ಟುವು. ೨೦೧೭ರ ಹಣಕಾಸು ಕಾಯಿದೆಯ ಮೂಲಕ ಆ ದರಗಳ ಟ್ರಿಬ್ಯೂನಲ್ಲಿನ ಕೆಲಸವನ್ನು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಸೇರಿಸಲಾಯಿತು. ಒಬ್ಬನಿಗೆ ಅನುಚಿತವಾಗಿ ಅನುಕೂಲವನ್ನು ತೋರಿಸಿದರೆ, ಅಥವಾ ಎರಡು ಸ್ಟೇಷನ್ನುಗಳ ನಡುವೆ ಯಾವುದಾದರೂ ಪದಾರ್ಥಕ್ಕೆ ಅಯುಕ್ತವಾದ ದರವನ್ನು ಹಾಕಿದರೆ ೩೬ನೆಯ ಕಲಮಿನಂತೆ ದೂರು ಕೊಡಬಹುದು. ಆದರೆ ೩೭ನೆಯ ಕಲಮು ಕೆಲವು ವಿಷಯಗಳನ್ನು ಅದರ ವಿಚಾರಣೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಪದಾರ್ಥಗಳ ದರ್ಜೆಯ ನಿರ್ಣಯ ಅಥವಾ ಬದಲಾವಣೆ ಅವುಗಳಲ್ಲೊಂದು. ಪ್ರಯಾಣಿಕರ ಸಾಮಾನು ಮತ್ತು ಪಾರ್ಸಲುಗಳ ಬಾಡಿಗೆಯನ್ನು ನಿಗದಿಮಾಡುವುದು ಇನ್ನೊಂದು. ಸಣ್ಣ ಜಮೀನುದಾರನು ಕಳುಹಿಸುವ ಒಂದು ಮೋಟಾರು ಸೈಕಲ್ಲು ಸಾಮಾನ್ಯವಾಗಿ ಪಾರ್ಸಲಾಗಿಯೇ ಹೋಗುತ್ತದೆ. ಆದಕಾರಣ ಪಾರ್ಸಲಿನ ದರವೇ ಹೆಚ್ಚಾಯಿತೆಂದು ಟ್ರಿಬ್ಯೂನಲ್ಲಿನ ಮುಂದೆ ವಾದಿಸಿ ಫಲವಿಲ್ಲ. ಸರ್ಕಾರದ ನಿರ್ಣಯವು ಸಂವಿಧಾನಕ್ಕೆ ವಿರುದ್ಧವಾಗಿ ಪಕ್ಷಪಾತದಿಂದ ಕೂಡಿದೆಯೆಂದು ತೋರಿಸಬಲ್ಲವರು ಹೈಕೋರ್ಟಿನಲ್ಲಿ ರಿಟ್ ಅರ್ಜಿಯನ್ನು ಹಾಕಬಹುದು. ಆದರೆ ದರಗಳನ್ನು ನಿಗದಿಮಾಡುವಂತಹ ಆರ್ಥಿಕ ವಿಷಯಗಳಲ್ಲಿ ನ್ಯಾಯಾಲಯಗಳು ಸುಲಭವಾಗಿ ಕೈಹಾಕುವುದಿಲ್ಲ. ಗ್ರಾಮಗಳವರು ಒಟ್ಟಾಗಿ ಸರ್ಕಾರಕ್ಕೆ ಮನವಿಯನ್ನು ಸಲ್ಲಿಸುವುದೇ ಇಲ್ಲಿ ಹೆಚ್ಚು ಪ್ರಯೋಜನಕಾರಿ.

ಎರಡನೆಯ ವಿಧದ ದೂರಿಗಾದರೋ ಕಾನೂನಿನಲ್ಲಿ ಸರಿಯಾದ ಪರಿಹಾರವಿದೆ. ತಪ್ಪು ದರ್ಜೆಯಿಂದ ಹೆಚ್ಚಾಗಿ ವಸೂಲಾದ ಬಾಡಿಗೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿ ೧೯೮೭ರ ಕಾಯಿದೆಯಿಂದ ಸ್ಥಾಪಿತವಾದ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಅರ್ಜಿಯನ್ನು ಹಾಕಬಹುದು. ಅದರ ಒಂದು ಪೀಠವು ಬೆಂಗಳೂರಿನಲ್ಲಿಯೇ ಇದೆ. ಇಂತಹ ಅರ್ಜಿಗಳನ್ನು ಸಿವಿಲ್ ಕೋರ್ಟುಗಳು ಈಗ ವಿಚಾರಿಸುವಂತಿಲ್ಲ.

ಸುಳ್ಳು ವಿವರಣೆಯ ಪರಿಣಾಮ

ಕೆಲವರು ದರವನ್ನು ಉಳಿಸುವ ಆಸೆಯಿಂದ ಪದಾರ್ಥದ ಹೆಸರನ್ನು ಬದಲಾಯಿಸಿ ಬರೆಯಿಸುವುದುಂಟು. ಇದು ಬಹಳ ಅಪಾಯಕರ. ೬೬ನೆಯ ಕಲಮಿನಂತೆ, ಪದಾರ್ಥದ ವಿವರವನ್ನು ಸಹಿಮಾಡಿ ಬರೆದು ಕೊಡಬೇಕೆಂದು ರೈಲ್ವೆ ನೌಕರನು ಕೇಳಬಹುದು. ವಿವರವನ್ನೂ ಕೊಡದೆ ಪೆಟ್ಟಿಗೆಯನ್ನೂ ಬಿಚ್ಚಿ ತೋರಿಸದೆ ಹೋದರೆ ಅತ್ಯಂತ ಹೆಚ್ಚಿನ ದರ್ಜೆಯ ದರವನ್ನೇ ಹಾಕಬಹುದು. ಕೊಟ್ಟ ವಿವರವು ಮುಖ್ಯಾಂಶದಲ್ಲಿ ಸುಳ್ಳೆಂದು ಕಂಡರೆ, ಅತ್ಯಂತ ಹೆಚ್ಚಿನ ದರ್ಜೆಯ ದರದ ಎರಡರಷ್ಟನ್ನು ಮೀರದಂತೆ ವಸೂಲುಮಾಡಬಹುದು. ಇದಲ್ಲದೆ ೧೬೩ನೆಯ ಕಲಮಿನಂತೆ ಜುಲ್ಮಾನೆಗೂ ಗುರಿಯಾಗಬೇಕಾಗುತ್ತದೆ.

ಲೆಕ್ಕದಿಂದ ಇದನ್ನು ನೋಡೋಣ. ಮೂಲದರ್ಜೆಯ ಬಾಡಿಗೆಯು ೧,೦೦೦ ರೂಪಾಯಿ, ಪದಾರ್ಥದ ನಿಜವಾದ ದರ್ಜೆಯು ೧೫೦, ಎಲ್ಲಕ್ಕಿಂತ ಹೆಚ್ಚಿನ ದರ್ಜೆಯು ೨೦೦ ಎಂದಿಟ್ಟುಕೊಳ್ಳೋಣ. ಸತ್ಯವನ್ನು ಬರೆಯಿಸಿದ್ದರೆ ೧,೫೦೦ ರೂಪಾಯಿ ಆಗುತ್ತಿತ್ತು. ೫೦೦ ರೂಪಾಯಿ ಉಳಿಸುವುದಕ್ಕಾಗಿ ಸುಳ್ಳು ಹೆಸರನ್ನು ಬರೆಯಿಸಿದವನು ಸಿಕ್ಕಿಬಿದ್ದರೆ ೪,೦೦೦ ರೂಪಾಯಿಯವರೆಗೆ ತೆರಬೇಕಾಗಬಹುದು. ಇದಲ್ಲದೆ ವಿವರದ ವಿಷಯದಲ್ಲಿ ಭೇದ ಬಂದಾಗ ಮಾಲನ್ನು ತಡೆದು ಪರೀಕ್ಷಿಸುವ ಅಧಿಕಾರವು ರೈಲ್ವೆಗಿದೆ. ಪರೀಕ್ಷೆಯಲ್ಲಿ ವಿವರವು ಬೇರೆಯೆಂದು ಕಂಡುಬಂದರೆ ತಡೆದುದರ ವೆಚ್ಚವೂ, ಅಷ್ಟರಲ್ಲಿ ಮಾಲು ಕೆಟ್ಟುಹೋದರೆ ಅದರ ನಷ್ಟವೂ ಮಾಲಿನ ಯಜಮಾನನ ಮೇಲೆಯೇ ಬೀಳುತ್ತದೆ. ಟ್ರಾಕ್ಟರು ಎರಡು ದಿನ ನಿಂತರೆ ಕೊಳೆಯುವುದಿಲ್ಲ; ತರಕಾರಿ ತುಂಬಿದ ಲಾರಿಯು ನಿಂತರೆ ಗತಿಯೇನು?

ಮಾಲನ್ನು ಬಿಡಿಸಿಕೊಂಡು ಮನೆಗೆ ತಂದಮೇಲೆ ಭಯವಿಲ್ಲವೆಂದು ತಿಳಿಯುವುದೂ ತಪ್ಪು. ೭೮ನೆಯ ಕಲಮಿನಂತೆ, ಮಾಲನ್ನು ಬಟವಾಡೆಮಾಡುವುದಕ್ಕೆ ಮುಂಚೆ ಅದನ್ನು ಪುನಃ ಅಳೆಯುವ, ತೂಗುವ, ಬೇರೆ ದರ್ಜೆಗೆ ಸೇರಿಸುವ, ಲೆಕ್ಕವನ್ನು ತಿದ್ದುವ ಹಕ್ಕು ರೈಲ್ವೆಗಿದೆ. ರಸೀತಿಯಲ್ಲಿ ಬೇರೆ ಬರೆದಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಬಟವಾಡೆಯಾದಮೇಲೆ ಸುಳ್ಳು ವಿವರಣೆಗಾಗಿ ಹಣ ಕೇಳಬಹುದೇ ಎಂಬ ಪ್ರಶ್ನೆಯು ಈಶಾನ್ಯ ಗಡಿ ರೈಲ್ವೆಗೂ ಕಾಮಾಖ್ಯ ಟ್ರಾನ್ಸ್‌ಪೋರ್ಟ್ ಮೊದಲಾದ ಕಂಪೆನಿಗಳಿಗೂ ನಡುವೆ ಬಂದಿತು. ಕೇಳಲಾಗದೆಂದು ಗುವಾಹಟಿಯ ಟ್ರಿಬ್ಯೂನಲ್ಲೂ ಹೈಕೋರ್ಟೂ ಹೇಳಿದ್ದುವು. ಆದರೆ ೬೬ನೆಯ ಕಲಮಿನಲ್ಲಿ ಇಂತಹ ಹಂತದಲ್ಲಿಯೇ ಕೇಳಬೇಕೆಂಬ ಮಿತಿಯಿಲ್ಲವೆಂದೂ, ಬಟವಾಡೆಯ ತರುವಾಯವೂ ಕೇಳಬಹುದೆಂದೂ ಸರ್ವೋಚ್ಚ ನ್ಯಾಯಾಲಯವು ೨೦೨೫ರಲ್ಲಿ ತೀರ್ಪುಕೊಟ್ಟು ಆ ತೀರ್ಮಾನಗಳನ್ನು ರದ್ದುಗೊಳಿಸಿತು. ಆದಕಾರಣ ಬರೆದುಕೊಟ್ಟ ವಿವರಕ್ಕೆ ಕಳುಹಿಸಿದವನು ಬಹುಕಾಲದವರೆಗೆ ಹೊಣೆಯಾಗಿರುತ್ತಾನೆ.

ದಾಂಡೇಲಿಯ ದೃಷ್ಟಾಂತ

ಬಾಡಿಗೆಯ ವ್ಯಾಜ್ಯವು ಎಷ್ಟು ದೀರ್ಘವಾಗಬಹುದೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿರುವ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯವರು, ತಮ್ಮ ಸರಕಿಗೆ ರೈಲ್ವೆಯವರು ಹಾಕುತ್ತಿದ್ದ ಬಾಡಿಗೆಯು ಅಯುಕ್ತವೆಂದು ದರಗಳ ಟ್ರಿಬ್ಯೂನಲ್ಲಿಗೆ ದೂರುಕೊಟ್ಟರು. ೧೯೬೬ರಲ್ಲಿ ಟ್ರಿಬ್ಯೂನಲ್ಲು ಅವರ ಪರವಾಗಿ ತೀರ್ಮಾನಿಸಿತು. ಅದರ ಮೇಲೆ ರೈಲ್ವೆಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೧೯೭೦ರಲ್ಲಿ ಆ ಅಪೀಲು ವಜಾ ಆಯಿತು. ದರವು ಅಯುಕ್ತವೆಂದು ಘೋಷಣೆಯಾದ ಮಾತ್ರದಿಂದ ಹಣವು ಕೈಸೇರಲಿಲ್ಲ. ಹೆಚ್ಚಾಗಿ ಕೊಟ್ಟುದನ್ನು ಹಿಂದಕ್ಕೆ ಪಡೆಯಲು ೧೯೭೩ರಲ್ಲಿ ಪ್ರತ್ಯೇಕವಾಗಿ ದಾವಾ ಹೂಡಬೇಕಾಯಿತು. ದಾವಾ ವಾಯಿದೆ ಮೀರಿತೆಂದು ರೈಲ್ವೆಯವರ ವಾದ. ಟ್ರಿಬ್ಯೂನಲ್ಲಿನ ತೀರ್ಮಾನದ ದಿವಸದಿಂದ ಮೂರು ವರ್ಷಗಳನ್ನು ಎಣಿಸಬೇಕೋ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ದಿವಸದಿಂದಲೋ ಎಂಬ ಒಂದೇ ಪ್ರಶ್ನೆಯು ಮೂವತ್ತು ವರ್ಷಗಳವರೆಗೆ ಎಳೆಯಿತು. ಕೊನೆಗೆ ೨೦೦೪ರಲ್ಲಿ, ಅಪೀಲಿನ ತೀರ್ಪಿನ ದಿವಸದ ಲೆಕ್ಕದಂತೆ ದಾವಾ ವಾಯಿದೆಯೊಳಗಿದೆಯೆಂದು ಕಾರ್ಖಾನೆಯ ಪರವಾಗಿ ನಿರ್ಣಯವಾಯಿತು.

ದೊಡ್ಡ ಕಾರ್ಖಾನೆಯು ಇಷ್ಟು ಕಾಲ ಕಾಯಬಲ್ಲುದು. ಸಾಧಾರಣ ಜಮೀನುದಾರನು ಕಾಯಲಾರನು. ಗೆದ್ದವರಿಗೂ ವಾಯಿದೆಯ ಪ್ರಶ್ನೆಯೇ ಎಷ್ಟು ಕಂಟಕವಾಯಿತೆಂಬುದು ಇಲ್ಲಿ ಗಮನಿಸತಕ್ಕ ಮುಖ್ಯಾಂಶ. ಬಿರ್ಲಾ ಸಿಮೆಂಟ್ ಕಂಪೆನಿಯ ಮೊಕದ್ದಮೆಯಲ್ಲಿ (೧೯೯೫) ಹೆಚ್ಚು ಬಾಡಿಗೆ ಕೊಟ್ಟುದು ತಡವಾಗಿ ತಿಳಿಯಿತೆಂಬ ಸಮಾಧಾನವನ್ನು ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಆರು ತಿಂಗಳೊಳಗೆ ನೋಟೀಸು ಕೊಡದಿದ್ದುದರಿಂದ ಹಣವು ಹೋಯಿತು. ಲೆಕ್ಕದ ಹೆಚ್ಚುವರಿಯೇ ಬೇರೆ, ಕಾನೂನಿಗೆ ವಿರುದ್ಧವಾದ ವಸೂಲಿಯೇ ಬೇರೆಯೆಂದು ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿನ ಮೊಕದ್ದಮೆಯಲ್ಲಿ (೨೦೨೪) ಅದೇ ನ್ಯಾಯಾಲಯವು ಭೇದವನ್ನು ತೋರಿಸಿ, ಎರಡನೆಯದಕ್ಕೆ ಆ ಆರು ತಿಂಗಳ ನಿಯಮವು ಅನ್ವಯಿಸದೆಂದು ಹೇಳಿದೆ. ಆದರೆ ತನ್ನದು ಯಾವ ವಿಧದ್ದೆಂದು ವಾದಿಸುವ ಕಷ್ಟಕ್ಕೆ ಸಿಲುಕುವುದಕ್ಕಿಂತ ಆರು ತಿಂಗಳೊಳಗೆ ಒಂದು ಕಾಗದ ಬರೆಯುವುದೇ ಜಾಣತನ.

ಲಾರಿಯ ಸಮೇತ ಸಾಗಾಣಿಕೆ

ಸರಕು ತುಂಬಿದ ಲಾರಿಯನ್ನೇ ರೈಲಿನ ಮೇಲೆ ಏರಿಸಿ ಒಯ್ಯುವ ಪದ್ಧತಿಯನ್ನು ಕೊಂಕಣ ರೈಲ್ವೆಯವರು ೧೯೯೯ರಲ್ಲಿ ಪ್ರಾರಂಭಿಸಿದರು. ಅದು ತರುವಾಯ ಮಂಗಳೂರಿನ ಬಳಿಯ ಸುರತ್ಕಲ್ಲಿನವರೆಗೂ ಬಂದಿತು. ಬೆಂಗಳೂರಿನ ಸಮೀಪದ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆಯವರೆಗೆ ಇಂತಹ ಗಾಡಿಯನ್ನು ೨೦೨೦ರ ಆಗಸ್ಟ್ ೩೦ರಂದು ಆಗಿನ ಮುಖ್ಯಮಂತ್ರಿಗಳಾದ ಬಿ. ಎಸ್. ಯಡಿಯೂರಪ್ಪನವರು ಪ್ರಾರಂಭಿಸಿದರು. ಈ ಪದ್ಧತಿಯಲ್ಲಿ ಲಾರಿಯೊಳಗಿನ ಒಂದೊಂದು ಪದಾರ್ಥದ ದರ್ಜೆಯನ್ನೂ ಹುಡುಕುವ ತೊಡಕಿಲ್ಲದೆ ಲಾರಿಯನ್ನೇ ಒಂದು ಘಟಕವಾಗಿ ಎಣಿಸುವುದು ದೊಡ್ಡ ಅನುಕೂಲ. ಆದರೆ ಲಾರಿಯ ಎತ್ತರ ಮತ್ತು ಭಾರಗಳು ಮಿತಿಯೊಳಗಿರಬೇಕು.

ಅದೇ ವರ್ಷದ ಆಗಸ್ಟ್ ೭ರಂದು ದೇವಳಾಲಿಯಿಂದ ದಾನಾಪುರಕ್ಕೆ ಹೊರಟ ಮೊದಲನೆಯ ಕಿಸಾನ್ ರೈಲಿನ ಪದ್ಧತಿಯು ಇದಕ್ಕಿಂತ ಬೇರೆ. ಅದರಲ್ಲಿ ವ್ಯಾಗನ್ನು ತುಂಬುವಷ್ಟು ಸರಕು ಇರಬೇಕೆಂಬ ನಿಯಮವಿರಲಿಲ್ಲ. ಬಾಡಿಗೆಯು ಪಾರ್ಸಲಿನ ಒಂದು ದರಪಟ್ಟಿಯಂತೆ ನಿಗದಿಯಾಗಿ, ಹಣ್ಣು ತರಕಾರಿಗಳಿಗೆ ೨೦೨೦ರ ಅಕ್ಟೋಬರಿನಿಂದ ಶೇಕಡ ೫೦ರ ರಿಯಾಯಿತಿಯು ದೊರೆಯಿತು. ಇಂತಹ ರಿಯಾಯಿತಿಗಳು ಕಾಲಮಿತಿಯುಳ್ಳವು. ಮಾಲನ್ನು ಕಟ್ಟುವುದಕ್ಕೆ ಮೊದಲು ಅಂದಿನ ಸ್ಥಿತಿಯನ್ನು ವಿಚಾರಿಸತಕ್ಕದ್ದು.

ಜಮೀನುದಾರರು ಅನುಸರಿಸತಕ್ಕ ಕ್ರಮ

೧. ಮಾಲನ್ನು ಸ್ಟೇಷನ್ನಿಗೆ ಸಾಗಿಸುವುದಕ್ಕೆ ಮೊದಲೇ ದರ್ಜೆಯನ್ನೂ ದರವನ್ನೂ ವಿಚಾರಿಸಿ, ದರಪುಸ್ತಕದಲ್ಲಿ ಆ ಪದಾರ್ಥವು ಯಾವ ಹೆಸರಿನ ಕೆಳಗೆ ಬರುತ್ತದೆಂದು ಗುರುತುಮಾಡಿಕೊಳ್ಳಬೇಕು.

೨. ಫಾರ್ವರ್ಡಿಂಗ್ ನೋಟಿನಲ್ಲಿ ಪದಾರ್ಥದ ಹೆಸರನ್ನು ಪೂರ್ಣವಾಗಿ ಬರೆಯಬೇಕು. "ಯಂತ್ರ ಸಾಮಾನು" ಎಂದು ಮೋಘಮ್ಮಾಗಿ ಬರೆಯಬಾರದು. "ವ್ಯವಸಾಯದ ಟ್ರಾಕ್ಟರು, ಪೂರ್ಣ, ಒಂದು, ಟ್ರೈಲರಿಲ್ಲ" ಎಂಬಂತೆ ಸ್ಪಷ್ಟವಾಗಿರಬೇಕು. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ, ಓದಿ ತಿಳಿಯದೆ ಸಹಿಮಾಡಬಾರದು. ಏಜೆಂಟನು ಬರೆದುದಕ್ಕೂ ಸಹಿಮಾಡಿದವನೇ ಹೊಣೆ.

೩. ಖರೀದಿಯ ಬಿಲ್ಲು, ನೋಂದಣಿ ಪತ್ರ ಇವುಗಳ ನಕಲುಗಳನ್ನು ಜೊತೆಯಲ್ಲಿಡಬೇಕು. ಮೋಟಾರು ಸೈಕಲ್ಲಾದರೆ ಪೆಟ್ರೋಲನ್ನು ಪೂರ್ಣವಾಗಿ ತೆಗೆದಿರಬೇಕು.

೪. ರೈಲ್ವೆ ರಸೀತಿಯನ್ನು ಅಲ್ಲಿಯೇ ಓದಿ, ಹೆಸರು, ಸಂಖ್ಯೆ, ತೂಕ, ದರ್ಜೆ ಇವು ಸರಿಯಾಗಿವೆಯೇ ಎಂದು ನೋಡಬೇಕು. ತೂಕಕ್ಕೂ ಸಂಖ್ಯೆಗೂ ರಸೀತಿಯು ಮೇಲುನೋಟದ ಸಾಕ್ಷಿ. ಆದರೆ ವ್ಯಾಗನ್ನಿನಷ್ಟು ಮಾಲನ್ನು ರೈಲ್ವೆಯವರು ಪರೀಕ್ಷಿಸದೆ ತೆಗೆದುಕೊಂಡು, ಹಾಗೆಂದು ರಸೀತಿಯಲ್ಲಿ ಬರೆದಿದ್ದರೆ, ಅದನ್ನು ರುಜುವಾತುಪಡಿಸುವ ಭಾರವು ಕಳುಹಿಸಿದವನದು.

೫. ಬಟವಾಡೆಯ ಸಮಯದಲ್ಲಿ ದರ್ಜೆಯನ್ನು ಬದಲಾಯಿಸಿ ಹೆಚ್ಚು ಹಣವನ್ನು ಕೇಳಿದರೆ, ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ಬಾಡಿಗೆಯು ಸಲ್ಲುವವರೆಗೆ ಮಾಲನ್ನು ತಡೆದಿಟ್ಟುಕೊಳ್ಳುವ ಹಕ್ಕು ರೈಲ್ವೆಗಿರುವುದರಿಂದ ಜಗಳವಾಡಿ ಮಾಲನ್ನು ಬಿಟ್ಟುಬರುವುದು ತರವಲ್ಲ. ದಿನಗಳೆದಂತೆ ನಿಲುಗಡೆಯ ಬಾಡಿಗೆಯೂ ಬೆಳೆಯುತ್ತದೆ. ಆಕ್ಷೇಪಣೆಯನ್ನು ಬರೆದುಕೊಟ್ಟು, ಅದರ ನಕಲಿಗೆ ರುಜು ಪಡೆದು, ಹಣವನ್ನು ಕಟ್ಟಿ ಮಾಲನ್ನು ಬಿಡಿಸಿಕೊಳ್ಳುವುದೇ ಲೇಸು. ತೂಕದಲ್ಲಿ ಸಂದೇಹವಿದ್ದರೆ ೭೯ನೆಯ ಕಲಮಿನಂತೆ ಪುನಃ ತೂಗಿಸುವಂತೆ ಕೋರಬಹುದು.

೬. ಹೆಚ್ಚು ಬಾಡಿಗೆಯನ್ನು ಹಿಂದಕ್ಕೆ ಕೇಳುವ ನೋಟೀಸನ್ನು ೧೦೬ನೆಯ ಕಲಮಿನಂತೆ, ಹಣ ಕಟ್ಟಿದ ದಿವಸ ಅಥವಾ ಮಾಲು ಬಟವಾಡೆಯಾದ ದಿವಸ ಇವೆರಡರಲ್ಲಿ ಯಾವುದು ಹಿಂದಿನದಲ್ಲವೋ ಆ ದಿವಸದಿಂದ ಆರು ತಿಂಗಳೊಳಗೆ, ಹಣ ಪಡೆದ ರೈಲ್ವೆಯ ಆಡಳಿತಕ್ಕೆ ತಲಪಿಸಬೇಕು. ಬೆಂಗಳೂರಿನಲ್ಲಿ ಹಣ ಕಟ್ಟಿದವರಿಗೆ ಅದು ೨೦೦೩ರಲ್ಲಿ ಏರ್ಪಟ್ಟು ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯನ್ನುಳ್ಳ ನೈಋತ್ಯ ರೈಲ್ವೆ. ರಿಜಿಸ್ಟರು ಅಂಚೆಯಲ್ಲಿ ಕಳುಹಿಸಿ ರಸೀತಿಯನ್ನು ಜೋಪಾನಮಾಡಬೇಕು.

೭. ಉತ್ತರ ಬಾರದಿದ್ದರೆ ಅಥವಾ ನಿರಾಕರಣೆಯಾದರೆ, ಬಾಡಿಗೆ ಕಟ್ಟಿದ ದಿವಸದಿಂದ ಮೂರು ವರ್ಷಗಳೊಳಗೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಅರ್ಜಿಯನ್ನು ಹಾಕಬೇಕು. ಅದರ ತೀರ್ಮಾನದ ಮೇಲೆ ೯೦ ದಿವಸಗಳೊಳಗೆ ಹೈಕೋರ್ಟಿಗೆ ಅಪೀಲು ಉಂಟು.

ಮೇಲೆ ಹೇಳಿದ ಆರು ತಿಂಗಳು, ಮೂರು ವರ್ಷ, ತೊಂಬತ್ತು ದಿವಸ ಎಂಬ ಮೂರು ವಾಯಿದೆಗಳನ್ನು ಗ್ರಾಮದ ಮುಖ್ಯಸ್ಥರು ಜನರಿಗೆ ಬಾಯಿಪಾಠವಾಗುವಂತೆ ತಿಳಿಸಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ನಾಲ್ಕಾರು ಮಂದಿ ರೈತರು ಸೇರಿ ಯಂತ್ರಗಳನ್ನು ತರಿಸುವಾಗ, ಕಾಗದಗಳನ್ನೆಲ್ಲ ಒಬ್ಬರ ಕೈಯಲ್ಲಿ ಕ್ರಮವಾಗಿ ಇರಿಸಿ, ತಾರೀಖುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಏರ್ಪಾಡನ್ನು ಸಹಕಾರ ಸಂಘಗಳ ಮೂಲಕ ಮಾಡಬಹುದು. ಪದಾರ್ಥದ ಹೆಸರನ್ನು ಸತ್ಯವಾಗಿ ಬರೆಯಿಸಿದವನಿಗೆ ದಂಡದ ಭಯವಿಲ್ಲ. ವಾಯಿದೆಯೊಳಗೆ ನೋಟೀಸು ಕೊಟ್ಟವನಿಗೆ ಹಕ್ಕು ನಷ್ಟವಾಗುವುದಿಲ್ಲ. ಬೆವರು ಸುರಿಸಿ ಗಳಿಸಿದ ಹಣವು ಒಂದು ತಪ್ಪು ಹೆಸರಿನಿಂದಲೋ ಒಂದು ತಪ್ಪಿದ ತಾರೀಖಿನಿಂದಲೋ ಹೋಗದಂತೆ ನೋಡಿಕೊಳ್ಳುವುದು, ಒಳ್ಳೆಯ ಬೀಜವನ್ನು ಆರಿಸುವಷ್ಟೇ ಮುಖ್ಯವಾದ ವ್ಯವಸಾಯದ ಕೆಲಸವೆಂದು ವಾಚಕ ಮಹಾಶಯರು ಭಾವಿಸತಕ್ಕದ್ದು.